ಹಾಡು ಮುಗಿಯದ ಗುರುವಾರ

ಇಸ್ತ್ರಿ ಪೆಟ್ಟಿಗೆಯನ್ನು ಸೀಮೆಎಣ್ಣೆ ಒಲೆಯಿಂದ ಇಳಿಸಿ, ಅದರ ತಳಕ್ಕೆ ಎರಡು ಹನಿ ನೀರು ಚಿಮುಕಿಸಿ, ಚುರ್ರೆನ್ನುವ ಸದ್ದು ಕೇಳಿದ ಮೇಲೆಯೇ ಲಿಂಡೆಲ್ವಾ ಕೆಂಪು ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಮೊದಲು ತೋಳು, ಆಮೇಲೆ ಬೆನ್ನು, ಕೊನೆಗೆ ಎದೆಯ ಭಾಗ. ಐದು ಗುಂಡಿಗಳ ಸುತ್ತ ಇಸ್ತ್ರಿಯ ಮೂತಿಯನ್ನು ಮಗುವಿನ ಕಿವಿ ಒರೆಸುವ ಹಾಗೆ ಮೆಲ್ಲಗೆ ತಿರುಗಿಸಿದಳು. ಹತ್ತೊಂಬತ್ತು ವರ್ಷದಿಂದ ಪ್ರತಿ ಗುರುವಾರ ಮಧ್ಯಾಹ್ನ ಮಾಡಿದ ಕೆಲಸ. ಕೈಗೆ ಕಣ್ಣಿನ ಸಹಾಯ ಬೇಕಿರಲಿಲ್ಲ.

"ಕಿತ್ಕೊಳ್ಳೋ ಬಟ್ಟೆಗೆ ಇಸ್ತ್ರಿ ಯಾಕಮ್ಮ?"

ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದ ಸಿನೊವುಯೊ ಕೇಳಿದಳು. ಹದಿನೇಳರ ಹುಡುಗಿ, ಆರು ತಿಂಗಳ ಬಸುರಿ. ಶಾಲೆಯ ನೀಲಿ ಸ್ವೆಟರು ಹೊಟ್ಟೆಯ ಮೇಲೆ ಬಿಗಿದು ನಿಂತಿತ್ತು. ಶಾಲೆಯವರು ಅವಳನ್ನು ಮನೆಗೆ ಕಳಿಸಿದ್ದರು, ಸ್ವೆಟರನ್ನು ವಾಪಸು ಕೇಳಿರಲಿಲ್ಲ.

"ಸುಕ್ಕಾಗಿದ್ರೆ, ಇದರಲ್ಲೇ ಮೂಗೊರೆಸಿಕೊಂಡು ಅತ್ತಿದಾಳೆ ಅಂದ್ಕೋತಾರೆ."

"ಅತ್ತಿದೀಯಲ್ಲ."

"ಅತ್ತಿದ್ದು ದಿಂಬಿನ ಮೇಲೆ. ಅಂಗಿ ಮೇಲಲ್ಲ."

ಹುಡುಗಿ ನಕ್ಕಳು. ನಗು ಅರ್ಧಕ್ಕೇ ಮುರಿಯಿತು. "ನಾನೇ ಹೋಗಿ ಹೇಳ್ತೀನಿ ಬಿಡು. ಹೊಟ್ಟೆ ನಂದು, ನಿನ್ನ ಅಂಗಿ ಏನು ಮಾಡಿತ್ತು? ಇದಕ್ಕೆ ಕಾರಣನಾದ ಲ್ವಾಂಡೊ ಮೊನ್ನೆ ಭಾನುವಾರ ಚರ್ಚಲ್ಲಿ ಮುಂದಿನ ಸಾಲಲ್ಲೇ ನಿಂತು ಹಾಡಿದ. ಅವನ ಗಂಟಲಿಗೆ ಏನೂ ಆಗಿಲ್ಲ."

ಲಿಂಡೆಲ್ವಾ ಬಿಳಿ ಕಾಲರಿನ ಮೇಲೆ ಇಸ್ತ್ರಿ ಎಳೆದಳು. ವಿಷಯ ತಿಳಿದ ದಿನ ಮಗಳ ಕೆನ್ನೆಗೆ ಒಂದು ಬಿಟ್ಟು, ಮೂರು ದಿನ ಮಾತು ಬಿಟ್ಟಿದ್ದಳು. ನಾಲ್ಕನೆಯ ದಿನ ಮುಸುಕಿನ ಜೋಳದ ಗಂಜಿಗೆ ಮೊಸರು ಹುಯ್ದು ತಟ್ಟೆಯನ್ನು ಅವಳ ಮುಂದೆ ತಳ್ಳಿದ್ದಳು. ಕ್ಷಮೆ ಅಂತ ಅವರ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ತಟ್ಟೆ ತಳ್ಳಿದರೆ ಆಯಿತು.

ಭಾನುವಾರ ಆರಾಧನೆ ಮುಗಿದ ಮೇಲೆ ಪಾಸ್ಟರಮ್ಮ ಕೈಗೆ ಒಂದು ಚೀಟಿ ಇಟ್ಟಿದ್ದಳು. 'ಗುರುವಾರ ಎರಡು ಗಂಟೆಗೆ ಅಂಗಿ, ಬಿಳಿ ಕಾಲರು, ಟೋಪಿ, ಪಿನ್ನು ಸಮೇತ ಹಾಜರಾಗತಕ್ಕದ್ದು.' ಕಾರಣ ಬರೆದಿರಲಿಲ್ಲ. ಕಾರಣ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿತ್ತು.

ಲಿಂಡೆಲ್ವಾಳಿಗೆ ಮೂರು ಹೆಸರು. ಪೇಟೆಯ ದೊರೆಸಾನಿಗೆ ಅವಳು 'ಲಿಂಡಿ'. ಪೂರ್ತಿ ಹೆಸರಿಗೆ ತನ್ನ ನಾಲಿಗೆ ಹೊರಳುವುದಿಲ್ಲವೆಂದು ಆ ಹೆಂಗಸು ಮೊದಲ ದಿನವೇ ಹೆಸರನ್ನು ಕ್ಯಾರೆಟ್ಟಿನ ಹಾಗೆ ತುದಿ ಕತ್ತರಿಸಿ ಇಟ್ಟುಕೊಂಡಳು. ಹಳೆಯ ಸರ್ಕಾರದ ಪಾಸು ಪುಸ್ತಕದಲ್ಲಿ ಗುಮಾಸ್ತ ಬರೆದದ್ದು ಇನ್ನೊಂದು ಹೆಸರು. ಅದು ಅವಳದೂ ಅಲ್ಲ, ಅವಳಪ್ಪನದೂ ಅಲ್ಲ. ಆ ಪುಸ್ತಕವಿಲ್ಲದೆ ಕರಿಯರು ಬಿಳಿಯರ ಪೇಟೆಯ ಬೀದಿಗೆ ಕಾಲಿಟ್ಟರೆ ಪೊಲೀಸರು ಹಿಡಿಯುತ್ತಿದ್ದ ಕಾಲ. ವಾರದಲ್ಲಿ ಆರು ದಿನ ಅವಳು ಬೇರೆಯವರು ಇಟ್ಟ ಹೆಸರಿಗೆ ಓಗೊಡುತ್ತಿದ್ದಳು. ಗುರುವಾರ ಮಧ್ಯಾಹ್ನ, ಪೇಟೆಯ ಮನೆಕೆಲಸದವರಿಗೆಲ್ಲ ಅರ್ಧ ದಿನದ ಬಿಡುವು. ಆಗ ಗುಡ್ಡದ ಇಳಿಜಾರಿನ ಕೇರಿಯ ತಗಡಿನ ಚರ್ಚಿಗೆ ಕೆಂಪಂಗಿಯ ಹೆಂಗಸರು ಬರುತ್ತಿದ್ದರು. ಅದು ಅವರ ಪ್ರಾರ್ಥನಾ ಕೂಟ, ಮನ್ಯಾನೊ. ಅಲ್ಲಿ ಅವಳು ಮಾಭೇಲೆ, ಭೇಲೆ ಬೆಡಗಿನ, ಆ ಕುಲದ, ಮಗಳು. ತವರಿನ ಬೆಡಗು ಹಿಡಿದು ಕರೆಯುವುದೇ ಹೆಣ್ಣಿಗೆ ಮರ್ಯಾದೆ. ಮಾಭೇಲೆ ಎಂದು ಕರೆದರೆ ಸತ್ತ ಅಜ್ಜಿಯರೂ ಎದ್ದು ಬಂದು ಪಕ್ಕದಲ್ಲಿ ನಿಂತ ಹಾಗಿರುತ್ತಿತ್ತು.

ಆ ಅಂಗಿಯನ್ನು ಮೊದಲ ಸಲ ಯಾರೂ ತಾವಾಗಿ ತೊಡುವುದಿಲ್ಲ. ಈಸ್ಟರಿನ ಮುಂಜಾವ ಮಂಡಿಯೂರಿ ಕೂರಬೇಕು. ಐದು ಜನ ಹಿರಿಯ ಹೆಂಗಸರು ಬಂದು, ಒಬ್ಬೊಬ್ಬಳು ಒಂದೊಂದು ಗುಂಡಿ ಹಾಕಬೇಕು. ಶಿಲುಬೆಗೇರಿದ ಕರ್ತನ ಐದು ಗಾಯಕ್ಕೆ ಐದು ಗುಂಡಿ. ಒಂದೊಂದಕ್ಕೂ ಒಂದೊಂದು ಮಾತು. ಇಪ್ಪತ್ತಮೂರರ ಲಿಂಡೆಲ್ವಾಳಿಗೆ ಐದನೆಯ ಗುಂಡಿ ಹಾಕಿದವಳು ಮಾರದೇಬೆ. ಹಾಕಿ, ಎದೆಯ ಮೇಲೆ ಅಂಗೈ ಇಟ್ಟು ಹೇಳಿದ್ದಳು: "ಇದನ್ನ ಕಡೇ ಸಲ ಬಿಚ್ಚೋದು ಕರ್ತನೇ ಕಣೆ. ನಿನ್ನ ಹೆಣದ ಪೆಟ್ಟಿಗೆಗೆ ಮೊಳೆ ಹೊಡೆದ ಮೇಲೆ." ಅವತ್ತು ಬೆಟ್ಟಸಾಲಿನ ಹಿಂದೆ ಸೂರ್ಯ ಹುಟ್ಟುವಾಗ ನಲವತ್ತು ಹೆಂಗಸರು ಕುಣಿದ ಕುಣಿತಕ್ಕೆ ಚರ್ಚಿನ ನೆಲದ ಸಿಮೆಂಟು ಬಿರಿದಿತ್ತು. ಬಿರುಕು ಈಗಲೂ ಇದೆ. ಗಂಡ ಚಿನ್ನದ ಗಣಿಯ ಧೂಳನ್ನು ಪುಪ್ಪುಸದಲ್ಲಿ ತುಂಬಿಕೊಂಡು ಬಂದು ಸತ್ತಾಗ ಲಿಂಡೆಲ್ವಾ ಆ ಬಿರುಕಿನ ಮೇಲೆಯೇ ಮಂಡಿಯೂರಿ, ಬದುಕಿನಲ್ಲಿ ಮೊದಲ ಸಲ ಗಟ್ಟಿಯಾಗಿ ಪ್ರಾರ್ಥಿಸಿದ್ದಳು. ಪ್ರಾರ್ಥನೆಯೇನು, ಜಗಳವೇ ಅದು. ದೇವರು ಜಗಳಕ್ಕೆ ಹೆದರಿ ಓಡಿಹೋಗಲಿಲ್ಲ. ಅವತ್ತಿನಿಂದ ಅವನ ಮೇಲೆ ಅವಳಿಗೆ ನಂಬಿಕೆ ಗಟ್ಟಿಯಾಯಿತು.

ಇನ್ನೊಂದು ಕಟ್ಟಳೆಯೂ ಇತ್ತು. ಮದುವೆಯಾಗದ ಮಗಳು ಬಸುರಾದರೆ ತಾಯಿ ಅಂಗಿ ಒಪ್ಪಿಸಬೇಕು. ಗುಂಡಿ ಹಾಕಿದ ಐದು ಜನರೇ ಬಂದು ಗುಂಡಿ ಬಿಚ್ಚುತ್ತಾರೆ. ಅಂಗಿ ಚರ್ಚಿನ ಟ್ರಂಕಿಗೆ, ಅಂಗಿಯವಳು ಬಾಗಿಲ ಪಕ್ಕದ ಹಿಂದಿನ ಬೆಂಚಿಗೆ, ಒಂದು ವರ್ಷ. ಅಲ್ಲಿ ಕೂತು ಹಾಡಬಹುದು, ಹಾಡು ಎತ್ತುವ ಹಾಗಿಲ್ಲ. ಮಂಡಿಯೂರಬಹುದು, ಬಾಯಿಬಿಟ್ಟು ಪ್ರಾರ್ಥಿಸುವ ಹಾಗಿಲ್ಲ. ವರ್ಷ ಕಳೆದ ಮೇಲೆ, ಗುಂಡಿ ಬಿಚ್ಚಿದವರೇ ಅವಳ ಮನೆಗೆ ಹೋಗಿ ಕರೆತಂದು ಮತ್ತೆ ತೊಡಿಸಬೇಕು. ಬಿಚ್ಚಿದ ಕೈಯೇ ಹಾಕಬೇಕು.

ಇನ್ನು ಗಂಡಸರ ಕೂಟಕ್ಕೂ ಸಮವಸ್ತ್ರವಿದೆ: ಕರಿ ಕೋಟು, ಒಳಗೆ ಕೆಂಪು ವೇಸ್ಟ್‌ಕೋಟು. ಲ್ವಾಂಡೊನ ಅಪ್ಪ ಮವುಸೊ ಸಭೆಯ ಹಿರಿಯ. ಅವನ ವೇಸ್ಟ್‌ಕೋಟಿನ ಗುಂಡಿ ಬಿಚ್ಚಲು ಯಾವ ಕಟ್ಟಳೆಯೂ ಇಲ್ಲ. ಮಗ ಯಾರ ಮನೆಯ ಹೆಣ್ಣನ್ನು ಬಸುರು ಮಾಡಿದರೂ ಅಪ್ಪನ ಎದೆ ಕೆಂಪಗೇ ಇರುತ್ತದೆ.

ಲಿಂಡೆಲ್ವಾ ಅಂಗಿ ತೊಟ್ಟು, ಕಾಲರು ಸರಿಪಡಿಸಿ, ಟೋಪಿ ಇಟ್ಟುಕೊಂಡಳು. "ಒಲೆ ಆರಿಸು. ಗಂಜಿ ಪಾತ್ರೆ ತಿಕ್ಕು," ಎಂದು ಮಗಳಿಗೆ ಹೇಳಿ ಹೊರಟಳು. ತಲೆ ಎತ್ತಿಕೊಂಡೇ ಹೋಗಿ, ಕೊಟ್ಟು, ತಲೆ ಎತ್ತಿಕೊಂಡೇ ಹಿಂದಿನ ಬೆಂಚಿಗೆ ನಡೆಯುವುದು ಎಂದು ತೀರ್ಮಾನಿಸಿಯಾಗಿತ್ತು.

ಚರ್ಚಿಗೆ ಹೋಗುವ ದಾರಿಯಲ್ಲೇ ನೊಫುಮ್ಲಾಳ ಅಂಗಡಿ. ಅಂಗಡಿ ಎಂದರೆ ಒಂದು ಒಲೆ, ಒಂದು ಬಾಣಲೆ, ಎಣ್ಣೆಯಲ್ಲಿ ಉಬ್ಬುವ ಹಿಟ್ಟಿನ ಉಂಡೆಗಳು. ನಾಲ್ಕು ವರ್ಷದಿಂದ ಪ್ರತಿ ಗುರುವಾರ ಇಲ್ಲಿಗೆ ಬಂದಾಗ ಲಿಂಡೆಲ್ವಾ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದಳು. ಇವತ್ತು ಕಾಲು ದಾಟಲಿಲ್ಲ.

ನೊಫುಮ್ಲಾಳ ಹಿರಿ ಮಗಳು ಬಸುರಾದಾಗ ಗುಂಡಿ ಬಿಚ್ಚಿದ ಐದು ಜನರಲ್ಲಿ ಮೂರನೆಯವಳು ಲಿಂಡೆಲ್ವಾ. ತಾನೇ ಹಾಕಿದ ಗುಂಡಿಯನ್ನು ತಾನೇ ಬಿಚ್ಚಿದ್ದಳು. ಬಿಚ್ಚುವಾಗ ನೊಫುಮ್ಲಾ ಅವಳ ಕಣ್ಣನ್ನೇ ನೋಡಿದ್ದಳು, ಅವಳು ಗುಂಡಿಯನ್ನು ನೋಡಿದ್ದಳು. ವರ್ಷ ಕಳೆಯಿತು. ಮೊದಲನೆಯವಳು ಎರಡನೆಯವಳು ಹೋಗಲಿ ಎಂದಳು, ಎರಡನೆಯವಳು ಪಾಸ್ಟರು ಹೇಳಲಿ ಎಂದಳು, ಪಾಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಯಾರೂ ಹೋಗಿ ಕರೆಯಲಿಲ್ಲ. ಲಿಂಡೆಲ್ವಾಳೂ ಹೋಗಲಿಲ್ಲ. ಒಂದು ವರ್ಷ ಎಂದದ್ದು ನಾಲ್ಕಾಯಿತು. ನೊಫುಮ್ಲಾ ಚರ್ಚಿನ ಕಡೆ ಬರುವುದನ್ನೇ ಬಿಟ್ಟಳು.

"ಓಹೋ, ಮಾಭೇಲೆ!" ನೊಫುಮ್ಲಾ ಜಾಲರಿಯಿಂದ ಉಂಡೆ ಎತ್ತುತ್ತಾ ಕೂಗಿದಳು. "ಇವತ್ತು ಆ ಕಡೆ ಬದಿ ರಸ್ತೆ ಕೆಟ್ಟೋಗಿದೆಯಾ?"

"ಈ ಕಡೇದು ಸರಿ ಇದೆಯಾ ಅಂತ ನೋಡೋಣ ಅಂತ ಬಂದೆ."

"ಸರಿ ಇಲ್ಲ. ಗುಂಡಿ ಬಿದ್ದಿದೆ, ನೋಡ್ಕೊಂಡು ನಡಿ." ಕಣ್ಣು ಲಿಂಡೆಲ್ವಾಳ ಎದೆಯ ಮೇಲಿತ್ತು. "ಇಸ್ತ್ರಿ ಚೆನ್ನಾಗಿದೆ. ಟ್ರಂಕಲ್ಲಿ ಇಲಿ ಇವೆ, ಗೊತ್ತಾ? ನಂದು ಎಷ್ಟು ಉಳಿದಿದೆಯೋ."

"ನೊಫುಮ್ಲಾ, ನಾನು ನಿನ್ನ ಮನೆಗೆ ಬರಬೇಕಿತ್ತು."

"ಹೌದು. ಬರಬೇಕಿತ್ತು."

"ಬರಲಿಲ್ಲ."

"ಬರಲಿಲ್ಲ ಅಂತ ನಂಗೂ ಗೊತ್ತು ಕಣೆ. ಮನೇಲಿ ನಾನೇ ಇದ್ದಿದ್ದು." ಎಣ್ಣೆ ಚಟಪಟ ಎಂದಿತು. ನೊಫುಮ್ಲಾ ಒಲೆ ಸಣ್ಣ ಮಾಡಿದಳು. "ವರ್ಷ ಕಳೆದ ಮೇಲೆ ಪ್ರತಿ ಬುಧವಾರ ಮನೆ ಸಾರಿಸ್ತಿದ್ದೆ. ನಾಳೆ ಐದು ಜನ ಬರ್ತಾರೆ, ಶುಂಠಿ ಪಾನಕ ಕೊಡಬೇಕು ಅಂತ. ಆಮೇಲೆ ಪಾನಕ ನಾನೇ ಕುಡಿದೆ."

ಲಿಂಡೆಲ್ವಾ ಬಾಣಲೆಯ ಕೆಳಗಿನ ಉರಿ ನೋಡಿದಳು. ತನ್ನ ಅಂಗಿಯ ಚಿಂತೆಯಲ್ಲಿ ಭಾನುವಾರದಿಂದ ಸುಟ್ಟುಕೊಂಡಿದ್ದಳಲ್ಲ, ಅದಕ್ಕಿಂತ ದೊಡ್ಡ ಬೆಂಕಿಯೊಂದು ಈ ಬಾಣಲೆಯ ಕೆಳಗೆ ನಾಲ್ಕು ವರ್ಷದಿಂದ ಉರಿಯುತ್ತಿತ್ತು. ಕಟ್ಟಿಗೆ ಒಟ್ಟಿದವರಲ್ಲಿ ತಾನೂ ಒಬ್ಬಳು. ತಾನು ಬಿಚ್ಚಿದ ಗುಂಡಿಯೇ ಇವತ್ತು ತನ್ನೆದೆಗೆ ಬಂದಿದೆ. ತಲೆ ಎತ್ತಿಕೊಂಡು ಕೊಟ್ಟು ಬಂದರೆ ಏನಾಗುತ್ತದೆ? ಮುಂದಿನ ವರ್ಷ ಇನ್ನೊಬ್ಬಳು ತಲೆ ಎತ್ತಿಕೊಂಡು ಬರುತ್ತಾಳೆ. ಟ್ರಂಕು ತುಂಬುತ್ತದೆ.

"ಬಾ," ಎಂದಳು.

"ಎಲ್ಲಿಗೆ?"

"ಚರ್ಚಿಗೆ. ನಾನೀಗ ನಿನ್ನ ಮನೆಗೆ ಬಂದಿದೀನಿ ಅಂದ್ಕೋ. ಬಾಣಲೆ ಇಳಿಸು."

"ಐದು ಜನ ಬರಬೇಕು. ಒಬ್ಬಳಲ್ಲ."

"ಒಬ್ಬಳು ಬರೋಕೇ ನಾಲ್ಕು ವರ್ಷ ಆಯ್ತು. ಐವರೂ ಬರಲಿ ಅಂತ ಕಾದರೆ ನೀನು ನೂರು ದಾಟ್ತೀಯ."

ನೊಫುಮ್ಲಾ ಒಲೆ ಆರಿಸಿದಳು. ಆಮೇಲೆ ಬಾಣಲೆ ಇಳಿಸಿ, ಸೆರಗಿನಂಥ ಏಪ್ರನ್ನಿಗೆ ಕೈ ಒರೆಸಿ, ಉಂಡೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿದಳು. "ಹಿಂದಿನ ಬೆಂಚು ನಂಗೆ ಗೊತ್ತು. ಬಾಗಿಲ ಗಾಳಿ ಬರುತ್ತೆ. ನಿಂಗೆ ಜಾಗ ಹಿಡಿದಿರ್ತೀನಿ ನಡಿ."

ಚರ್ಚಿನಲ್ಲಿ ಆಗಲೇ ನಲವತ್ತು ಕೆಂಪು ಬೆನ್ನುಗಳು. ಮುಂದಿನ ಮೇಜಿನ ಮೇಲೆ ಸತ್ಯವೇದ, ಗಂಟೆ, ಮತ್ತು ಅಂಗೈಯಿಂದ ಬಡಿಯುವ ಚರ್ಮದ ಪುಟ್ಟ ದಿಂಬು. ಕೂಟದ ಹಾಡಿಗೆ ತಾಳ ಅದೇ. ನೊಫುಮ್ಲಾ ಹೋದ ಮೇಲೆ ಅದನ್ನು ಬಡಿದವರೆಲ್ಲ ಹಿಟ್ಟು ನಾದಿದ ಹಾಗೆ ಬಡಿಯುತ್ತಿದ್ದರು. ಪಾಸ್ಟರಮ್ಮ ಮೇಜಿನ ಹಿಂದೆ ನಿಂತಿದ್ದಳು. ಮೂವತ್ತೂ ತುಂಬದ ಹೆಣ್ಣು, ಊರಿಗೆ ಬಂದು ಮೂರೇ ತಿಂಗಳು. ಗಂಡ ಪಾಸ್ಟರಾದ್ದರಿಂದ ಅವಳು ಕೂಟದ ಅಧ್ಯಕ್ಷೆ. ಅವಳ ಅಂಗಿಯಲ್ಲಿ ಅಂಗಡಿಯ ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ಕೈಯಲ್ಲಿ ನಿಯಮದ ಪುಸ್ತಕವಿತ್ತು.

ಎಂಬತ್ತರ ಮಾರದೇಬೆ ಮುಂದಿನ ಬೆಂಚಿನಲ್ಲಿ ಕೋಲು ಊರಿ ಕೂತಿದ್ದಳು. ಟ್ರಂಕಿನ ಕೀಲಿಕೈ ನಲವತ್ತು ವರ್ಷದಿಂದ ಅವಳ ಕೊರಳಿನಲ್ಲಿದೆ. ಹಾಡು ಎತ್ತುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಅವರಲ್ಲಿ ಯಾರಾದರೂ ಮಾತು ಉದ್ದ ಮಾಡಿದರೆ, ಅಡ್ಡದಾರಿ ಹಿಡಿದರೆ, 'ಸಾಕು ಕೂರು' ಎಂದು ಯಾರೂ ಹೇಳುವುದಿಲ್ಲ. ಯಾರೋ ಒಬ್ಬರು ಕೂತಲ್ಲಿಂದ ಹಾಡು ಎತ್ತುತ್ತಾರೆ, ಎಲ್ಲರೂ ಎದ್ದು ಸೇರಿಕೊಳ್ಳುತ್ತಾರೆ, ಮಾತಾಡುತ್ತಿದ್ದವರೂ ಹಾಡಲೇಬೇಕು. ದೇವರ ಹಾಡಿಗೆ ಅಡ್ಡ ಬರುವ ಬಾಯಿ ಯಾವುದು? ಹೋದ ಚಳಿಗಾಲ ಒಂದು ಸಾವಿನ ಮನೆಯಲ್ಲಿ ಮವುಸೊ ಸತ್ತವನನ್ನು ಬಿಟ್ಟು ತನ್ನ ಹೊಸ ಗಾಡಿಯ ಬಗ್ಗೆ ಭಾಷಣ ಬಿಗಿಯುತ್ತಿದ್ದಾಗ ಮಾರದೇಬೆ ಎತ್ತಿದ ಹಾಡಿಗೆ ಅವನು ಗಾಡಿಯ ನಾಲ್ಕನೆಯ ಚಕ್ರ ಹೇಳುವಷ್ಟರಲ್ಲಿ ಕೂರಬೇಕಾಯಿತು.

"ಲಿಂಡೆಲ್ವಾ, ಮುಂದೆ ಬನ್ನಿ," ಪಾಸ್ಟರಮ್ಮ ಕರೆದಳು.

ಲಿಂಡೆಲ್ವಾ ನೆಲದ ಬಿರುಕಿನ ಮೇಲೆ ಮಂಡಿಯೂರಿದಳು. ಪಾಸ್ಟರಮ್ಮ ನಿಯಮ ಓದಿದಳು: ಮನೆಯ ಶಿಸ್ತು, ತಾಯಿಯ ಹೊಣೆ, ಸಭೆಯ ಹೆಸರು. ಮೊದಲ ಗುಂಡಿ ಹಾಕಿದವಳು ಸತ್ತು ಹೋಗಿದ್ದರಿಂದ ಅದನ್ನು ತಾನೇ ಬಿಚ್ಚಿದಳು, ಬೆರಳು ತಣ್ಣಗಿತ್ತು. ಎರಡನೆಯವಳು ಅಳುತ್ತಾ ಬಂದು ಬಿಚ್ಚಿದಳು. ಮೂರನೆಯವಳು ಕಣ್ಣು ಮುಚ್ಚಿ ಬಿಚ್ಚಿದಳು. ನಾಲ್ಕನೆಯವಳು "ಕ್ಷಮಿಸು ಕಣೆ, ಕಟ್ಟಳೆ" ಎಂದಳು. ಲಿಂಡೆಲ್ವಾ ಅವಳ ಕಣ್ಣನ್ನೇ ನೋಡಿದಳು. ಅವಳು ಗುಂಡಿಯನ್ನು ನೋಡಿದಳು. ಒಳಗಿನ ಬಿಳಿ ಶಿಮೀಜು ಎಲ್ಲರಿಗೂ ಕಾಣುತ್ತಿತ್ತು. ಇನ್ನು ಅಂಗಿ ಮೈಮೇಲೆ ನಿಂತಿದ್ದು ಒಂದೇ ಗುಂಡಿಯ ಮೇಲೆ.

"ಮಾರದೇಬೆ," ಎಂದಳು ಪಾಸ್ಟರಮ್ಮ.

ಮುದುಕಿ ಏಳಲಿಲ್ಲ. "ಏನಮ್ಮ?"

"ಐದನೆಯ ಗುಂಡಿ."

"ಹೂಂ, ಹಾಕಿದ್ದು ನಾನೇ. ಗಟ್ಟಿಯಾಗಿ ಹಾಕಿದೀನಿ."

"ಬಿಚ್ಚಬೇಕಲ್ಲ, ಅಜ್ಜಿ."

"ಅದನ್ನ ಹಾಕುವಾಗ ಕರ್ತನಿಗೆ ಒಂದು ಮಾತು ಕೊಟ್ಟಿದೀನಿ. ಇವಳು ಸತ್ತ ಮೇಲೆ ಬಿಚ್ಚೋದು ಅಂತ. ಇವಳು ಸತ್ತಿಲ್ಲ, ನೋಡು, ಉಸಿರಾಡ್ತಿದಾಳೆ." ಬೆಂಚುಗಳಲ್ಲಿ ಯಾರೋ ಕಿಸಕ್ಕೆಂದರು. "ಇನ್ನೊಂದು ಕೇಳ್ತೀನಿ, ನೀನು ಓದಿದವಳು. ಕರ್ತನ ತಾಯಿ ಮರಿಯಳು ಬಸುರಾದಾಗ ಅವಳ ತಾಯಿ ಅಂಗಿ ಯಾರು ಬಿಚ್ಚಿಸಿದ್ರು? ಯಾವ ಅಧ್ಯಾಯದಲ್ಲಿದೆ?"

"ಅದು ಬೇರೆ ವಿಷಯ..."

"ಬೇರೇನೇ. ಮವುಸೊ ಅಲ್ಲಿರಲಿಲ್ಲ. ಅವನ ವೇಸ್ಟ್‌ಕೋಟಿಗೆ ಎಷ್ಟು ಗುಂಡಿ?"

"ಆರು!" ಹಿಂದಿನ ಬೆಂಚಿನಿಂದ ಬಂತು ಉತ್ತರ. ನೊಫುಮ್ಲಾಳ ಗಂಟಲು ನಾಲ್ಕು ವರ್ಷದ ಮೇಲೆ ಆ ತಗಡಿನ ಮಾಡಿಗೆ ತಾಗಿತು. "ಅದರಲ್ಲಿ ಎರಡು ಹೊಟ್ಟೆ ಮೇಲೆ ಕೂರೋದೇ ಇಲ್ಲ!"

ನಗು ಬೆಂಚಿನಿಂದ ಬೆಂಚಿಗೆ ಹಾರಿತು. ಪಾಸ್ಟರಮ್ಮ ಗಂಟೆ ಬಾರಿಸಿದಳು. "ಹಿಂದಿನ ಬೆಂಚಿನವರು ಮಾತಾಡುವಂತಿಲ್ಲ! ತಾಯಂದಿರೇ, ನಿಯಮ ನಾನು ಮಾಡಿದ್ದಲ್ಲ. ಐದನೆಯದನ್ನೂ ನಾನೇ ಬಿಚ್ತೀನಿ." ಪುಸ್ತಕ ಕಂಕುಳಲ್ಲಿ ಸಿಕ್ಕಿಸಿ ಅವಳು ಬಾಗಿದಳು.

ಆ ಬೆರಳುಗಳು ತನ್ನ ಸೊಂಟದ ಬಳಿ ಬರುವುದನ್ನು ಲಿಂಡೆಲ್ವಾ ನೋಡಿದಳು. ಎರಡು ವರ್ಷದ ಹಿಂದೆ ಇದೇ ಹೆಂಗಸರು ಬೆಳಗಿನ ಐದಕ್ಕೆ ಸಾಲು ನಿಂತು, ಬಿಸಿಲಲ್ಲಿ ಸುಟ್ಟು, ಬದುಕಿನ ಮೊದಲ ಮತ ಹಾಕಿ ಬಂದಿದ್ದರು. ಪಾಸು ಪುಸ್ತಕ ಒಲೆಗೆ ಹೋಯಿತು, ಪೊಲೀಸರ ನಾಯಿ ಹೋಯಿತು, 'ಬಿಳಿಯರಿಗೆ ಮಾತ್ರ' ಎಂಬ ಹಲಗೆ ಹೋಯಿತು. ದೊಡ್ಡ ದೊಡ್ಡವರ ಬೂಟು ಎದೆಯ ಮೇಲಿಂದ ಇಳಿದ ಮೇಲೆ ತಮ್ಮದೇ ಬೆರಳುಗಳು ತಮ್ಮದೇ ಎದೆಯ ಮೇಲೆ ಬಂದಿವೆ. ಈ ಅಂಗಿ ಯಾರ ರಕ್ತದ ಬಣ್ಣ? ಪಾಸ್ಟರಮ್ಮನದೇ? ಮವುಸೊನದೇ? ಕೊಟ್ಟವನು ಕೇಳಲಿ, ಬಿಚ್ಚಿ ಕೊಡುತ್ತೇನೆ. ಅವನು ಕೇಳುತ್ತಿಲ್ಲ. ಅವಳು ಅವನನ್ನು ಬಲ್ಲಳು; ಜಗಳಾಡಿ ಬಲ್ಲಳು.

ಮತ್ತು ಐದನೆಯ ಗುಂಡಿ ಇನ್ನೂ ಹಾಕಿಯೇ ಇತ್ತು. ಅದು ಬಿಚ್ಚುವ ತನಕ ಅವಳು ಮಾಭೇಲೆ, ಕೂಟದ ಪೂರ್ತಿ ಹೆಂಗಸು. ಹಾಡು ಎತ್ತುವ ಹಕ್ಕಿದ್ದವಳು.

ಅವಳು ಎತ್ತಿದಳು.

ಮೊದಲ ಸಾಲು ಒಂಟಿಯಾಗಿ ಹೊರಟಿತು, ಕೆಳಸ್ಥಾಯಿಯಲ್ಲಿ, ಹೊಲದ ಆಚೆಯಿಂದ ಯಾರನ್ನೋ ಕರೆದ ಹಾಗೆ. ಎರಡನೆಯ ಸಾಲಿಗೆ ಮಾರದೇಬೆಯ ಒಡಕು ದನಿ ಸೇರಿತು. ಮೂರನೆಯದಕ್ಕೆ ಬೆಂಚುಗಳು ಕಿರುಗುಟ್ಟಿದವು. ನಲವತ್ತು ಹೆಂಗಸರು ಎದ್ದು ನಿಂತಿದ್ದರು. ಪಾಸ್ಟರಮ್ಮನ ಕೈ ಗುಂಡಿಯ ಹತ್ತಿರ ಗಾಳಿಯಲ್ಲೇ ನಿಂತಿತು. ಹಾಡು ನಡೆಯುವಾಗ ಕಲಾಪ ನಡೆಯುವುದಿಲ್ಲ. ಅದು ಪುಸ್ತಕದ ನಿಯಮಕ್ಕಿಂತ ಹಳೆಯ ನಿಯಮ.

ಯಾರೋ ಮೇಜಿನಿಂದ ದಿಂಬನ್ನು ತೆಗೆದುಕೊಂಡರು. ಬಡಿಯಲಿಲ್ಲ. ಹಿಂದಿನವಳ ಕೈಗೆ ಕೊಟ್ಟರು. ಅವಳು ಅವಳ ಹಿಂದಿನವಳಿಗೆ. ಕೆಂಪು ತೋಳುಗಳ ಮೇಲೆ ತೇಲುತ್ತಾ ತೇಲುತ್ತಾ ದಿಂಬು ಬಾಗಿಲ ಪಕ್ಕದ ಬೆಂಚಿಗೆ ಹೋಯಿತು. ಏಪ್ರನ್ನು ಕಟ್ಟಿಕೊಂಡೇ ನಿಂತಿದ್ದ ನೊಫುಮ್ಲಾ ಅದನ್ನು ಎಡಗೈಯಲ್ಲಿ ಹಿಡಿದು, ಬಲಗೈ ಮೇಲೆತ್ತಿ, ಒಂದು ಸಲ ಹೊಡೆದಳು.

ಧಪ್!

ಹಾಡಿಗೆ ಬೆನ್ನುಮೂಳೆ ಬಂತು. ಆಮೇಲೆ ಯಾರೂ ಅದನ್ನು ನಿಲ್ಲಿಸುವ ಹಾಗಿರಲಿಲ್ಲ. ಸಾಲುಗಳು ತಿರುಗಿ ಬಂದವು, ಹಾಡು ಮುಗಿಯುವ ಹೊತ್ತಿಗೆ ಇನ್ನೊಬ್ಬಳು ಇನ್ನೊಂದನ್ನು ಎತ್ತಿದಳು, ನಡುವೆ ಸೂಜಿ ತೂರಿಸಲೂ ಸಂದಿಲ್ಲ. ಕಾಲುಗಳು ಸಿಮೆಂಟನ್ನು ತುಳಿದವು. ಬೆಳಗಿನಿಂದ ಬೇರೆಯವರ ನೆಲ ಒರೆಸಿದ ಮಂಡಿಗಳು, ಬೇರೆಯವರ ಮಕ್ಕಳನ್ನು ಹೊತ್ತ ಬೆನ್ನುಗಳು, ಈಗ ಯಾರಿಗೂ ಲೆಕ್ಕ ಕೊಡದೆ ಕುಣಿಯುತ್ತಿದ್ದವು. ಲಿಂಡೆಲ್ವಾ ನಾಲ್ಕು ಗುಂಡಿ ತೆರೆದ ಅಂಗಿಯಲ್ಲೇ ಕುಣಿದಳು. ಶಿಮೀಜು ಕಂಡರೆ ಕಾಣಲಿ. ಸತ್ಯವೇದದಲ್ಲಿ ದಾವೀದ ಅರಸ ದೇವರ ಮಂಜೂಷದ ಮುಂದೆ ಕುಣಿದಾಗ ಅವನ ಮೈಮೇಲೂ ಹೆಚ್ಚೇನಿರಲಿಲ್ಲ. ಎದೆಯೊಳಗೆ ಏನೋ ಬಿಚ್ಚಿಕೊಳ್ಳುತ್ತಿತ್ತು, ಅದಕ್ಕೂ ಗುಂಡಿಗಳಿಗೂ ಸಂಬಂಧವಿರಲಿಲ್ಲ.

ಪಾಸ್ಟರಮ್ಮ ಮೊದಲ ಹಾಡಿಗೆ ತುಟಿಯನ್ನಷ್ಟೇ ಆಡಿಸಿದಳು. ಎರಡನೆಯದಕ್ಕೆ ಕಂಕುಳಿನ ಪುಸ್ತಕ ಜಾರಿ ಬಿತ್ತು, ಎತ್ತಿಕೊಂಡಳು. ಮೂರನೆಯದಕ್ಕೆ ಮತ್ತೆ ಬಿತ್ತು. ಪುಸ್ತಕ ಹಿಡಿದುಕೊಂಡು ಚಪ್ಪಾಳೆ ತಟ್ಟಲು ಆಗುವುದಿಲ್ಲ, ಚಪ್ಪಾಳೆ ತಟ್ಟದೆ ಆ ಹಾಡು ಹಾಡಲು ಆಗುವುದಿಲ್ಲ. ಈ ಸಲ ಅವಳು ಎತ್ತಿಕೊಳ್ಳಲಿಲ್ಲ. ನಾಲ್ಕನೆಯ ಹಾಡಿಗೆ ಅವಳ ಟೋಪಿ ಓರೆಯಾಗಿತ್ತು. ದನಿ ಚೆನ್ನಾಗಿತ್ತು. ಮೂರು ತಿಂಗಳಿಂದ ಅವಳು ಹೆದರಿಕೊಂಡೇ ಹಾಡುತ್ತಿದ್ದಳೆಂಬುದು ಎಲ್ಲರಿಗೂ ಅವತ್ತೇ ತಿಳಿದದ್ದು.

ನಾಲ್ಕು ಗಂಟೆಗೆ ಮಾರದೇಬೆ ಕೋಲೆತ್ತಿದಳು. ಹಾಡು ತಗ್ಗಿ ಗುನುಗಾಯಿತು, ನಿಲ್ಲಲಿಲ್ಲ. ನಾಲ್ಕೂವರೆಗೆ ಎಲ್ಲರೂ ಒತ್ತಿ ಕೂರುವ ಪೇಟೆಯ ಟ್ಯಾಕ್ಸಿ. ದೊರೆಸಾನಿಯರ ರಾತ್ರಿಯೂಟಕ್ಕೆ ಆಲೂಗಡ್ಡೆ ಹೆಚ್ಚುವವರು ಇವರೇ.

"ಹೊತ್ತಾಯ್ತು," ಎಂದಳು ಮುದುಕಿ. "ಐದನೆಯ ಗುಂಡಿಗೆ ಇವತ್ತು ಪುರಸೊತ್ತಾಗಲಿಲ್ಲ."

"ಮುಂದಿನ ಗುರುವಾರ..." ಪಾಸ್ಟರಮ್ಮ ಉಸಿರು ಎಳೆದುಕೊಳ್ಳುತ್ತಾ ಶುರು ಮಾಡಿದಳು.

"ಮುಂದಿನ ಗುರುವಾರವೂ ಹಾಡಿದೆ ತಾಯಿ," ಎಂದಳು ಲಿಂಡೆಲ್ವಾ. ಗಟ್ಟಿ ದನಿಯಲ್ಲ, ಆದರೆ ಎಲ್ಲರಿಗೂ ಕೇಳಿಸಿತು. "ಹಾಡಿನ ಪುಸ್ತಕದಲ್ಲಿ ಮುನ್ನೂರಕ್ಕೂ ಹೆಚ್ಚಿವೆ. ಪುಸ್ತಕದಲ್ಲಿಲ್ಲದವು ಬೇರೆ. ಮವುಸೊ ತನ್ನ ಆರು ಗುಂಡಿ ಬಿಚ್ಚಿ ಈ ಬಿರುಕಿನ ಮೇಲೆ ಬಂದು ಕೂತ ದಿನ ನಾನೂ ನನ್ನ ಒಂದನ್ನ ಬಿಚ್ತೀನಿ. ಅಲ್ಲೀವರೆಗೂ ಇದು ನನ್ನದು. ನನ್ನ ಮಗಳು ಹೆತ್ತರೆ ಮಗೂನ ಇಲ್ಲಿಗೇ ತರ್ತೀನಿ. ಯಾರಿಗೆ ನಾಚಿಕೆ ಆಗುತ್ತೋ ಅವರು ಬಾಗಿಲ ಗಾಳಿಗೆ ಕೂರಲಿ."

"ಆಮೆನ್," ಎಂದಿತು ಹಿಂದಿನ ಬೆಂಚು.

"ಇನ್ನೊಂದು ಕೆಲಸ ಬಾಕಿ ಇದೆ. ಮಾರದೇಬೆ, ಕೀಲಿಕೈ ಕೊಡಿ."

ಮುದುಕಿ ಕೊರಳಿನ ದಾರ ತೆಗೆದಳು. ನಗುವಿಗೆ ಮುಖದ ಸುಕ್ಕುಗಳೆಲ್ಲ ಒಂದೇ ಕಡೆಗೆ ಹರಿದವು. ಟ್ರಂಕಿನಲ್ಲಿ ಏಳು ಅಂಗಿಗಳಿದ್ದವು, ಒಂದರ ಮೇಲೊಂದು ಮಡಿಸಿ ಇಟ್ಟ ಏಳು ಹೆಂಗಸರು. ನೊಫುಮ್ಲಾಳದು ಮೂರನೆಯದು. ಇಲಿ ಮುಟ್ಟಿರಲಿಲ್ಲ. ತೋಳಿನ ಅಂಚು ಮಾತ್ರ ಸ್ವಲ್ಪ ಬಣ್ಣಗೆಟ್ಟಿತ್ತು.

ನೊಫುಮ್ಲಾ ಬೆಂಚುಗಳ ನಡುವೆ ನಡೆದು ಬಂದಳು, ದಿಂಬನ್ನು ಮಗುವಿನ ಹಾಗೆ ಎದೆಗವಚಿಕೊಂಡು. ಏಪ್ರನ್ನು ಬಿಚ್ಚಿ, ತನ್ನ ಅಂಗಿಗೆ ತೋಳು ತೂರಿಸಿ, ಬಿರುಕಿನ ಮೇಲೆ ಮಂಡಿಯೂರಿದಳು. ಅವತ್ತು ಬಿಚ್ಚಿದ ಐವರಲ್ಲಿ ಇಲ್ಲಿದ್ದವರು ನಾಲ್ವರು. ತಲೆ ತಗ್ಗಿಸಿಕೊಂಡೇ ಬಂದರು. ಮೂರನೆಯ ಗುಂಡಿಗೆ ಲಿಂಡೆಲ್ವಾ ಬಾಗಿದಳು. ಕಾಜ ಬಿಗಿಯಾಗಿತ್ತು. ಈ ಸಲ ಅವಳು ಗುಂಡಿಯನ್ನು ನೋಡಲಿಲ್ಲ.

"ನಿನ್ನ ಮನೆಗೆ ಬಂದಿದೀನಿ," ಎಂದಳು.

"ಪಾನಕ ಖಾಲಿ," ಎಂದಳು ನೊಫುಮ್ಲಾ. ಕಣ್ಣಿನಿಂದ ನೀರು ಗಲ್ಲಕ್ಕಿಳಿದು ಕಾಲರಿನ ಮೇಲೆ ಬಿತ್ತು. "ಉಂಡೆ ಇದೆ. ತಿಂತೀಯಾ?"

ಐದನೆಯ ಗುಂಡಿಯವಳು ಸತ್ತು ಎರಡು ವರ್ಷವಾಗಿತ್ತು. ಎಲ್ಲರೂ ಮುಖ ಮುಖ ನೋಡಿಕೊಂಡರು. ನಿಯಮದ ಪ್ರಕಾರ ಆ ಜಾಗಕ್ಕೆ ಕೂಟದ ಅಧ್ಯಕ್ಷೆ ಬರಬೇಕು.

ಪಾಸ್ಟರಮ್ಮ ಓರೆಯಾದ ಟೋಪಿಯಲ್ಲೇ ನಿಂತಿದ್ದಳು. ನೆಲದ ಮೇಲಿನ ಪುಸ್ತಕವನ್ನು ನೋಡಿದಳು, ಅಂಗಿಯನ್ನು ನೋಡಿದಳು. "ಮೇಲಿನವರು ವರದಿ ಕೇಳ್ತಾರೆ," ಎಂದಳು, ಅಳುವೂ ಅಲ್ಲದ ನಗುವೂ ಅಲ್ಲದ ದನಿಯಲ್ಲಿ. "ನಾನು ಏನಂತ ಬರೀಲಿ, ಅಜ್ಜಿ?"

"ಇದ್ದದ್ದು ಬರಿ ಮಗಳೇ," ಎಂದಳು ಮಾರದೇಬೆ. "ಹಾಡು ಮುಗೀಲಿಲ್ಲ ಅಂತ ಬರಿ."

ಪಾಸ್ಟರಮ್ಮ ಬಾಗಿದಳು. ಗುಂಡಿ ಹಾಕಿ, ಮಾತಿನ ಬದಲು ಅಂಗೈಯನ್ನು ನೊಫುಮ್ಲಾಳ ಎದೆಯ ಮೇಲೆ ಇಟ್ಟಳು. ಅದೇ ಸಾಕಾಯಿತು. ಗುನುಗು ಮತ್ತೆ ಹಾಡಾಯಿತು, ಹಾಡು ಬಾಗಿಲು ದಾಟಿ ರಸ್ತೆಗೆ ಬಂತು.

ಚರ್ಚಿನ ಹೊರಗೆ ಕಟ್ಟೆಯ ಮೇಲೆ ಸಿನೊವುಯೊ ಕೂತಿದ್ದಳು, ಹೊಟ್ಟೆಯ ಮೇಲೆ ಎರಡೂ ಕೈ. ಪಾತ್ರೆ ತಿಕ್ಕದೆ ಬಂದಿದ್ದಳೆಂದು ಅವಳ ಮುಖವೇ ಹೇಳುತ್ತಿತ್ತು. ತಾಯಿಯ ಎದೆ ಕಡೆ ನೋಡಿದಳು. ಲಿಂಡೆಲ್ವಾ ಮೇಲಿನ ನಾಲ್ಕು ಗುಂಡಿಗಳನ್ನು ಹಾಕಿಕೊಳ್ಳಲು ಹೋಗಿ, ಕೈ ತಡೆದು, ಮಗಳ ಮುಂದೆ ನಿಂತಳು.

"ನೀನೇ ಹಾಕು."

"ನಾನಾ? ನಾನು ಹಾಕಬಹುದಾ?"

"ಕೆಳಗೆ ಒಂದು ಮೊದಲೇ ಹಾಕಿದೆ. ಅದು ಇರೋವರೆಗೂ ಉಳಿದವನ್ನ ಯಾರು ಬೇಕಾದರೂ ಹಾಕಬಹುದು."

ಹುಡುಗಿ ಹಾಕಿದಳು, ಕೆಳಗಿನಿಂದ ಮೇಲಕ್ಕೆ. ಹೊಟ್ಟೆ ಅಡ್ಡ ಬರುತ್ತಿತ್ತು. ಕೊರಳ ಗುಂಡಿಗೆ ಬಂದಾಗ ಟ್ಯಾಕ್ಸಿಯವನು ಹಾರನ್ ಬಾರಿಸಿದ.

ಪ್ರತಿ ಗುರುವಾರ ಲಿಂಡೆಲ್ವಾ ಟ್ಯಾಕ್ಸಿ ಹತ್ತುವ ಮುಂಚೆ ಅಂಗಿ ಬಿಚ್ಚಿ, ಮಡಿಸಿ, ಚೀಲಕ್ಕೆ ಹಾಕಿ, ದೊರೆಸಾನಿಯ ಏಪ್ರನ್ನು ಕಟ್ಟಿಕೊಳ್ಳುತ್ತಿದ್ದಳು. ಇವತ್ತು ಚೀಲವನ್ನು ತೆರೆಯಲಿಲ್ಲ. ಕೆಂಪಗೆ ಹೋಗಿ ಕಿಟಕಿಯ ಪಕ್ಕ ಕೂತು, ತಲೆ ಹೊರಗೆ ಹಾಕಿ ಕೂಗಿದಳು:

"ಮುಂದಿನ ಗುರುವಾರ ಇಸ್ತ್ರಿ ನೀನೇ ಹಾಕು ಕಣೆ! ಕಾಲರ್ ಮೇಲೆ ಜಾಸ್ತಿ ಬಿಸಿ ಇಡಬೇಡ, ಹಳದಿ ಆಗುತ್ತೆ!"